ಸ್ಪ್ಯಾನಿಷಿನಲ್ಲಿ ಅಂದ ‘ಬೇಡ’

ನಾನು ಸ್ಪ್ಯಾನಿಷ್ ಕಲಿಯಲು ಕೂತದ್ದು ಸಿಟ್ಟಿನಿಂದ. ಭಾಷೆಯ ಮೇಲಿನ ಪ್ರೀತಿ, ಲೋಕಜ್ಞಾನ, ಅದೆಲ್ಲ ಸುಳ್ಳು. ಶಿರಸಿ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ನನ್ನ ಹೊಲಿಗೆ ಅಂಗಡಿ. ಒಂದು ಮಧ್ಯಾಹ್ನ ಬ್ಲೌಸಿಗೆ ಹುಕ್ ಹಚ್ಚುತ್ತಿದ್ದೆ. ಮಗಳು ಬಂದು ಸ್ಟೂಲಿನ ಮೇಲೆ ಕೂತು, ಮೊದಲೇ ಬಾಯಿಪಾಠ ಮಾಡಿಕೊಂಡು ಬಂದವಳ ಹಾಗೆ, ‘ಆಯಿ, ಆನು ಅವನ್ನೇ ಮದುವೆ ಆಗ್ತೆ’ ಎಂದಳು.

ಅವನು ಯಾರೆಂದು ಕೇಳುವ ಅಗತ್ಯವಿರಲಿಲ್ಲ. ಮಗಳು ಯಲ್ಲಾಪುರದ ಕಾಡಿನಲ್ಲಿ ಮರಗಳ ಲೆಕ್ಕ ಬರೆಯುವ ಒಂದು ತಂಡದಲ್ಲಿ ಕೆಲಸ ಮಾಡುತ್ತಾಳೆ. ಅದೇ ಕಾಡಿಗೆ ಅಣಬೆಗಳ ಅಧ್ಯಯನಕ್ಕೆಂದು ಸ್ಪೇನಿನಿಂದ ಬಂದವನು ಆ ಹುಡುಗ. ನಮ್ಮ ಮನೆಗೆ ನಾಲ್ಕಾರು ಸಲ ಬಂದು ಊಟ ಮಾಡಿದ್ದ. ನೆಲದ ಮೇಲೆ ಕೂರಲು ಬಾರದೆ ಒದ್ದಾಡುತ್ತಿದ್ದ, ತಂಬುಳಿ ಮಾತ್ರ ಕುಡಿದು ಕುಡಿದು ಮುಗಿಸುತ್ತಿದ್ದ. ಹುಡುಗನ ಮೇಲೆ ನನ್ನ ತಕರಾರು ಏನೂ ಇರಲಿಲ್ಲ. ತಕರಾರು ಬಂದದ್ದು ಮಗಳ ಮುಂದಿನ ಮಾತಿಗೆ.

‘ಅವನ ಅಮ್ಮ ನಿನ್ನ ಹತ್ರ ಮಾತಾಡವು ಹೇಳ್ತಾ ಇದ್ದು. ಅವಕ್ಕೆ ಸ್ಪ್ಯಾನಿಷ್ ಬಿಟ್ರೆ ಬೇರೆ ಎಂತದೂ ಬತ್ತಿಲ್ಲೆ. ಆನೇ ಮಧ್ಯ ಕೂತು ಎರಡೂ ಕಡೆಗೆ ಹೇಳ್ತೆ.’

ಅಲ್ಲ, ಕೇಳಿದಿರಾ? ತನ್ನ ಮದುವೆಯ ಮಾತಿಗೆ ಹುಡುಗಿ ತಾನೇ ಮಧ್ಯೆ ಕೂತು ದುಭಾಷಿಯ ಕೆಲಸ ಮಾಡುವುದಂತೆ! ನಮ್ಮ ಕಡೆ ಇಂಥ ಮಾತುಕತೆ ನಡೆಯುವಾಗ ಹುಡುಗಿ ಚಾ ಕೊಟ್ಟು ಒಳಗೆ ಹೋಗುತ್ತಾಳೆ. ಹಾಗೇ ಇರಬೇಕೆಂದು ನಾನು ಹೇಳುತ್ತಿಲ್ಲ, ಆದರೆ ನನ್ನ ಮೈ ಉರಿದದ್ದು ನಿಜ. ‘ಮದುವೆ ಮಾತು ಹಿರಿಯರು ಆಡವು. ನೀ ಬಾಯಿ ಹಾಕಡ. ಆನೇ ಆ ಭಾಷೆ ಕಲ್ತು ಮಾತಾಡ್ತೆ’ ಎಂದೆ. ಹುಡುಗ ಊರಿಗೆ ಹೋಗಿ ಓದು ಮುಗಿಸಲಿ, ಅಷ್ಟರಲ್ಲಿ ನನ್ನ ಕಲಿಕೆಯೂ ಆಗುತ್ತದೆ ಎಂದು ನಾನೇ ಗಡುವೂ ಹಾಕಿದೆ.

ನನ್ನ ಗಂಡ ಶಿರಸಿ–ಸಿದ್ದಾಪುರ ಬಸ್ಸಿನ ಕಂಡಕ್ಟರು. ರಾತ್ರಿ ಊಟಕ್ಕೆ ಕೂತಾಗ ಸುದ್ದಿ ಕೇಳಿ ಅವರಿಗೆ ಮದುವೆಗಿಂತ ನನ್ನ ಶಪಥವೇ ದೊಡ್ಡದಾಗಿ ಕಂಡಿತು. ‘ಇಂಗ್ಲಿಷೇ ಸಮಾ ಬತ್ತಿಲ್ಲೆ ನಿಂಗೆ, ಇನ್ನು ಸ್ಪ್ಯಾನಿಷಡ!’ ಎಂದು ನಕ್ಕರು. ಅವತ್ತು ಅವರಿಗೆ ಎರಡನೇ ಸಲ ಸಾರು ಬಡಿಸಲಿಲ್ಲ.

ಫೋನಿಗೆ ಒಂದು ಆ್ಯಪ್ ಹಾಕಿಕೊಂಡೆ. ಹೊಲಿಗೆ ಮಷಿನಿನ ತಲೆಯ ಮೇಲೆ ಫೋನು, ಕಿವಿಗೆ ವೈರು, ಕಾಲು ಪೆಡಲಿನ ಮೇಲೆ. ಹುಡುಗ ಸೇಬು ತಿನ್ನುತ್ತಾನೆ ಎಂದು ಅದು ಹೇಳುತ್ತಿತ್ತು, ನಾನೂ ಹೇಳುತ್ತಿದ್ದೆ. ಮರುದಿನವೂ ಹುಡುಗ ಸೇಬನ್ನೇ ತಿನ್ನುತ್ತಿದ್ದ. ‘ತಿಂದು ಸಾಯಲಿ ಅತ್ಲಾಗೆ’ ಎಂದು ನಾನು ಜೋರಾಗಿ ಬೈದದ್ದನ್ನು ಕೇಳಿ, ಅಳತೆ ಕೊಡಲು ಬಂದಿದ್ದ ದಾಸನಕೊಪ್ಪದ ಹೆಂಗಸೊಬ್ಬಳು ‘ಯಾರಿಗ್ರೀ ಅಕ್ಕಾರ, ನನಗೇನ್ರೀ?’ ಎಂದು ಗಾಬರಿಯಾದಳು. ಒಂದು ದಿನ ಪಾಠ ತಪ್ಪಿದರೆ ಆ ಆ್ಯಪು ಮುನಿಸಿಕೊಂಡು ಸಂದೇಶ ಕಳಿಸುತ್ತಿತ್ತು. ಅತ್ತೆ ತೀರಿಕೊಂಡ ಮೇಲೆ ನನ್ನನ್ನು ಹಾಗೆ ವಿಚಾರಿಸಿಕೊಂಡವರು ಬೇರೆ ಯಾರೂ ಇರಲಿಲ್ಲ.

ಆ್ಯಪಿನಲ್ಲಿ ಪದ ಬಂತು, ಮಾತು ಬರಲಿಲ್ಲ. ಮಾತಿಗಾಗಿ ಸ್ಪ್ಯಾನಿಷ್ ಕಲಿಯುವವರದ್ದೇ ಒಂದು ಆನ್‌ಲೈನ್ ಗುಂಪಿಗೆ ಸೇರಿದೆ. ಪ್ರಪಂಚದ ಎಲ್ಲೆಲ್ಲಿಯವರೋ ಇದ್ದರು. ಭಾನುವಾರ ಎಲ್ಲರೂ ಒಂದೇ ಕರೆಯಲ್ಲಿ ಸೇರಬೇಕು, ಸ್ಪ್ಯಾನಿಷ್ ಬಿಟ್ಟು ಬೇರೆ ಮಾತಾಡಬಾರದು. ನಡೆಸುವವಳು ಕೊಲಂಬಿಯಾದ ಒಬ್ಬ ಶಾಲಾ ಮಾಸ್ತರಿಣಿ. ಮೊದಮೊದಲು ನಾನು ಮೈಕು ಬಂದ್ ಮಾಡಿ ಸುಮ್ಮನೆ ಕೂರುತ್ತಿದ್ದೆ. ಒಂದು ಸಲ ಅವಳು ನನ್ನನ್ನೇ ಕರೆದು, ನಿನ್ನ ಬಗ್ಗೆ ಹೇಳು ಎಂದಳು. ‘ನಾನು ಹೊಲಿಯುತ್ತೇನೆ. ನನಗೆ ಒಬ್ಬಳು ಮಗಳು’ ಎಂದೆ. ಮೈಯೆಲ್ಲ ಬೆವರು. ನಿನ್ನ ಉಚ್ಚಾರ ಚೆನ್ನಾಗಿದೆ ಎಂದು ಅವಳು ಹೇಳಿದಾಗ, ಈ ವಯಸ್ಸಿನಲ್ಲಿ ನಾಚಿಕೆಯಾಗಬೇಕು, ಆದರೆ ಕಣ್ಣಲ್ಲಿ ನೀರು ಬಂತು. ಆಮೇಲೆ ನಾನು ಭಾನುವಾರ ತಪ್ಪಿಸಲಿಲ್ಲ. ಬರೆದ ವಾಕ್ಯಗಳನ್ನು ಗುಂಪಿಗೆ ಹಾಕಿದರೆ ಯಾರಾದರೂ ತಿದ್ದಿ ಕೊಡುತ್ತಿದ್ದರು.

ವರ್ಷ ಕಳೆಯಿತು. ಹುಡುಗನ ಅಮ್ಮ ಸ್ಪೇನಿನ ಉತ್ತರದ ಬೆಟ್ಟದ ಊರೊಂದರಲ್ಲಿ ಬ್ರೆಡ್ಡಿನ ಅಂಗಡಿ ಇಟ್ಟುಕೊಂಡವರು. ಗಂಡ ಇಲ್ಲ, ಒಬ್ಬನೇ ಮಗ. ನಾವು ಆಗೀಗ ಸಂದೇಶ ಕಳಿಸಿಕೊಳ್ಳುತ್ತಿದ್ದೆವು. ನಾನು ಬ್ಲೌಸಿನ ಫೋಟೊ, ಅವರು ಬ್ರೆಡ್ಡಿನ ಫೋಟೊ. ಕೊನೆಗೆ ಅವರೇ, ಬರುವ ಭಾನುವಾರ ಫೋನ್ ಮಾಡುತ್ತೇನೆ, ಮಕ್ಕಳ ವಿಷಯ ಮಾತಾಡಬೇಕು ಎಂದು ಬರೆದರು.

ಈಗ ನಮ್ಮ ಕಡೆಯ ಒಂದು ರೂಢಿಯನ್ನು ಹೇಳಲೇಬೇಕು. ನಮ್ಮಲ್ಲಿ ಮೊದಲ ಸಲ ಕೇಳಿದಾಗ ಯಾರೂ ಹೂಂ ಎನ್ನುವುದಿಲ್ಲ. ಊಟಕ್ಕೆ ಕೂತಾಗ ಪಾಯಸ ತಂದರೆ ಬಾಳೆಯೆಲೆಗೆ ಕೈ ಅಡ್ಡ ಇಡುತ್ತೇವೆ. ಬಡಿಸುವವರಿಗೆ ಅದು ಗೊತ್ತು, ಮತ್ತೆ ಕೇಳುತ್ತಾರೆ, ಮತ್ತೆ ಬೇಡ ಎನ್ನುತ್ತೇವೆ, ಮೂರನೇ ಸಲ ಕೈ ತೆಗೆಯುತ್ತೇವೆ. ಕೇಳಿದ ತಕ್ಷಣ ಹಾಕಿಸಿಕೊಂಡವರನ್ನು ಹೊಟ್ಟೆಬಾಕ ಎನ್ನುತ್ತಾರೆ. ಹೆಣ್ಣು ಕೇಳುವ ಮಾತೂ ಹಾಗೇ. ನನ್ನನ್ನು ಕೇಳಲು ಸಿದ್ದಾಪುರದಿಂದ ನನ್ನ ತವರು ಹೆಗ್ಗರಣೆಗೆ ಬಂದ ಈಗಿನ ನನ್ನ ಮಾವನವರಿಗೆ, ನನ್ನ ಅಪ್ಪಯ್ಯ ಎರಡು ಸಲ ‘ಈಗ ಎಂತ ಅವಸರ, ಕೂಸು ಸಣ್ಣದು’ ಎಂದು ಹೇಳಿ ಕಳಿಸಿದ್ದರು. ಮೂರನೇ ಸಲ ಅವರು ಬಂದಾಗ ಒಳಗೆ ಆಗಲೇ ಕಡಬಿಗೆ ಹಿಟ್ಟು ಕಲೆಸಿ ಆಗಿತ್ತು. ಹೆಣ್ಣಿನ ಮನೆಯವರು ಮೊದಲ ಮಾತಿಗೇ ತಲೆಯಾಡಿಸಿದರೆ ಮಗಳಿಗೆ ಬೆಲೆ ಇರುವುದಿಲ್ಲ.

ಹಾಗಾಗಿ ನಾನು ತಯಾರಾದೆ. ‘ಮಗಳು ಇನ್ನೂ ಚಿಕ್ಕವಳು. ನಮಗೆ ಅವಸರವಿಲ್ಲ. ಸದ್ಯಕ್ಕೆ ಈ ಮದುವೆ ಬೇಡ ಎಂದು ನಮಗೆ ತೋರುತ್ತದೆ’ ಎಂದು ಬರೆದು ಗುಂಪಿಗೆ ಹಾಕಿದೆ. ಎಷ್ಟು ಜನ ತಿದ್ದಿದರು! ಒಬ್ಬರು ಇಲ್ಲಿ ಇನ್ನಷ್ಟು ವಿನಯವಿರಲಿ ಎಂದರು, ಒಬ್ಬರು ಅಲ್ಲಿ ಇನ್ನಷ್ಟು ಖಚಿತವಾಗಲಿ ಎಂದರು. ಆ ವಾಕ್ಯವನ್ನು ತಿರುಗಿ ತಿರುಗಿ ಹೇಳಿ ಗಟ್ಟಿ ಮಾಡಿದೆ. ಎರಡನೇ ಸಲ ಕೇಳಿದರೆ ಸ್ವಲ್ಪ ಮೆತ್ತಗೆ ಹೇಳುವ ಮಾತು, ಮೂರನೇ ಸಲಕ್ಕೆ ‘ನಿಮ್ಮ ಮಾತು ಮೀರುವುದುಂಟೇ’ ಎನ್ನುವ ಮಾತು, ಎಲ್ಲವೂ ಸಿದ್ಧವಿತ್ತು.

ಭಾನುವಾರ ಫೋನ್ ಬಂತು. ಮಗಳನ್ನು ಯಲ್ಲಾಪುರದಿಂದ ಬರಬೇಡ ಎಂದಿದ್ದೆ. ಪರದೆಯ ಮೇಲೆ ಅವರು ಕೂದಲು ಬಾಚಿ, ಕಿವಿಗೆ ಮುತ್ತು ಹಾಕಿ, ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಕುಶಲ ಕೇಳಿದೆ, ಮಳೆ ಬಗ್ಗೆ ಹೇಳಿದೆ, ಎಲ್ಲವೂ ತಪ್ಪು ತಪ್ಪು. ಅವರು ನಿಧಾನವಾಗಿ, ನಿಮ್ಮ ಮಗಳನ್ನು ನನ್ನ ಮಗ ಪ್ರೀತಿಸುತ್ತಾನೆ, ನಿಮ್ಮ ಒಪ್ಪಿಗೆ ಕೇಳಲು ಕರೆ ಮಾಡಿದ್ದೇನೆ ಎಂದರು. ನಾನು ಉಸಿರೆಳೆದು ನನ್ನ ವಾಕ್ಯ ಹೇಳಿದೆ. ಆವತ್ತು ನನ್ನ ಬಾಯಿಂದ ಒಂದೂ ತಪ್ಪಿಲ್ಲದೆ ಬಂದ ಮಾತು ಅದೊಂದೇ.

ಅವರು ಕಿವಿಯ ಮುತ್ತನ್ನು ಮುಟ್ಟಿಕೊಂಡರು. ‘ಎಂತಿಯೆಂದೊ’ ಎಂದರು, ಅರ್ಥವಾಯಿತು ಎಂದು. ಮನಸ್ಸಿನಲ್ಲಿದ್ದದ್ದನ್ನು ನೇರವಾಗಿ ಹೇಳಿದ್ದಕ್ಕೆ ಧನ್ಯವಾದ ಎಂದರು. ಫೋನ್ ಇಟ್ಟರು. ನನ್ನ ಎರಡನೇ ಮಾತೂ ಮೂರನೇ ಮಾತೂ ಬಾಯಲ್ಲೇ ಉಳಿದವು.

ಹೆದರಿದೆನೇ? ಇಲ್ಲ! ಗತ್ತು ಇಟ್ಟುಕೊಂಡೆ ಎಂದು ಬೀಗಿದೆ. ಇನ್ನು ನಾಲ್ಕು ದಿನಕ್ಕೆ ಮತ್ತೆ ಕೇಳುತ್ತಾರೆ ಎಂದು ಗಂಡನಿಗೂ ಹೇಳಿದೆ. ಅವರು ಟಿಕೆಟ್ ಮಷಿನನ್ನು ಚಾರ್ಜಿಗೆ ಹಾಕುತ್ತ ‘ಅವ್ರ ಬದಿಗೂ ಹಿಂಗೇ ಇದ್ದಾ?’ ಎಂದು ಕೇಳಿದರು. ಬೀಗರು ಎಲ್ಲಿದ್ದರೂ ಬೀಗರೇ ಎಂದು ನಾನು ಬಾಯಿ ಮುಚ್ಚಿಸಿದೆ. ಒಂದು ವಾರ ಹೋಯಿತು, ಇನ್ನೊಂದು ಹೋಯಿತು. ಬ್ರೆಡ್ಡಿನ ಫೋಟೊಗಳೂ ಬರುವುದು ನಿಂತವು. ನಾನು ಎರಡು ಗಿರಾಕಿಗಳ ತೋಳು ಅದಲುಬದಲು ಹೊಲಿದೆ.

ಬುಧವಾರ ಮಗಳು ಬಂದಳು. ಯಲ್ಲಾಪುರದ ಬಸ್ಸಿಳಿದು ನೆಟ್ಟಗೆ ಅಂಗಡಿಗೆ. ಮುಖ ಕೆಂಪಗಾಗಿತ್ತು. ಅಳತೆ ಕೊಡುತ್ತಿದ್ದವರನ್ನೂ ಲೆಕ್ಕಿಸದೆ, ‘ಆಯಿ, ನೀ ಅವನ ಅಮ್ಮಂಗೆ ಬೇಡ ಹೇಳಿದ್ಯಡ?’ ಎಂದಳು.

ಗಿರಾಕಿ ಟೇಪು ಬಿಡಿಸಿಕೊಂಡು, ‘ಆಮೇಲೆ ಬರ್ತೀನಿ ತಗೋಳ್ರಿ’ ಎಂದು ಎದ್ದು ಹೋದಳು.

‘ಅದು ಶಾಸ್ತ್ರಕ್ಕೆ ಹೇಳಿದ್ದು! ಅವು ಮತ್ತೆ ಕೇಳವು. ಆನು ಕಾಯ್ತಾ ಇದ್ದೆ.’

‘ಅವು ಕೇಳ್ತ್ವಿಲ್ಲೆ. ಆನು ಅವಂಗೆ ಎಲ್ಲಾ ಬಿಡಿಸಿ ಹೇಳಿದೆ, ಅಂವಂಗೆ ತಿಳಿದ್ದು. ಆದ್ರೆ ಅವನ ಅಮ್ಮ, ಒಂದು ತಾಯಿ ಬೇಡ ಹೇಳಿದ ಮೇಲೆ ಮತ್ತೆ ಕೇಳೂದು ಮರ್ಯಾದೆ ಅಲ್ಲ ಹೇಳ್ತಡ. ಅಂವಂಗೆ ಅಲ್ಲಿ ಕೆಲಸ ಸಿಕ್ಕಿದ್ದು. ಶುಕ್ರವಾರ ಉತ್ತರ ಕೊಡವು. ಹೂಂ ಹೇಳಿದ್ರೆ ಮುಗತ್ತು, ಅಂವ ಇನ್ನು ಬತ್ನಿಲ್ಲೆ.’

‘ಹಂಗಾರೆ ನಿನ್ನ ಅಲ್ಲಿಗೆ ಕರಕಂಡು ಹೋಗ್ತಿದ್ನಿಲ್ಯ?’

ಮಗಳು ನನ್ನನ್ನು ನೋಡಿದ ರೀತಿ ಈಗಲೂ ಕಣ್ಣೆದುರಿಗಿದೆ. ‘ಯಾರು ಹೇಳಿದ್ದು ನಿಂಗೆ? ಅಂವ ಅಲ್ಲಿ ಕೆಲಸ ಬೇಡ ಹೇಳಿ, ಇಲ್ಲೇ ಯಲ್ಲಾಪುರದಲ್ಲಿ ಇರ್ತೆ ಹೇಳಿ ಅವನ ಅಮ್ಮಂಗೆ ಹೇಳಿ ಆಗಿತ್ತು. ಅದನ್ನು ಕೇಳಿ ಆದಮೇಲೇ ಅವು ನಿಂಗೆ ಫೋನ್ ಮಾಡಿದ್ದು.’

ಇದು ನನಗೆ ಗೊತ್ತಿರಲಿಲ್ಲ. ಬಾಯಿ ಹಾಕಬೇಡ ಎಂದು ನಾನೇ ಕಟ್ಟಪ್ಪಣೆ ಮಾಡಿದ್ದೆನಲ್ಲ, ಅವಳು ಹಾಕಲಿಲ್ಲ. ಇದ್ದ ಒಬ್ಬನೇ ಮಗನನ್ನು ಬಿಟ್ಟುಕೊಡಲು ಮುತ್ತು ಹಾಕಿಕೊಂಡು ಕೂತಿದ್ದ ಆ ಹೆಂಗಸಿಗೆ ನಾನು, ತಪ್ಪಿಲ್ಲದ ಸ್ಪ್ಯಾನಿಷಿನಲ್ಲಿ, ನಿಮ್ಮ ಮಗ ಬೇಡ ಎಂದಿದ್ದೆ.

‘ಒಂದು ಮಾತು ಹೇಳು ಆಯಿ,’ ಎಂದಳು ಮಗಳು. ದನಿ ಸಣ್ಣದಾಗಿತ್ತು. ‘ನೀ ಶಾಸ್ತ್ರಕ್ಕೇ ಬೇಡ ಹೇಳಿದ್ಯ, ಅಲ್ದಾ ಬೇಡಾಗಿಯೇ ಹೇಳಿದ್ಯ?’

ನಾನು ಟೇಪನ್ನು ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದೆ. ಅವಳು ಸ್ಟೂಲಿನ ಮೇಲೆ ಕೂತು ಗೋಡೆಯ ಕಡೆ ತಿರುಗಿದಳು.

ಸಂಜೆ ಗುಂಪಿನಲ್ಲಿ ಬರೆದೆ. ‘ನಮ್ಮಲ್ಲಿ ಬೇಡ ಎಂದರೆ ಬೇಡ ಎಂದಲ್ಲ, ಇನ್ನೊಮ್ಮೆ ಕೇಳಿ ಎಂದು. ಇದನ್ನು ಸ್ಪ್ಯಾನಿಷಿನಲ್ಲಿ ಹೇಗೆ ಹೇಳುವುದು?’ ಅಯ್ಯೋ ದೇವರೇ, ಬಿದ್ದ ಬೈಗುಳ! ಬೇಡ ಎಂದರೆ ಬೇಡ ಎಂದೇ ಅರ್ಥ, ಅದನ್ನು ಗೌರವಿಸಲು ಕಲಿ ಎಂದು ಒಬ್ಬಳು. ನಿನ್ನ ಮಗಳಿಗೆ ಬಲವಂತದ ಮದುವೆ ಮಾಡುತ್ತಿದ್ದೀಯಾ ಎಂದು ಇನ್ನೊಬ್ಬ. ಬೇಡ ಎಂದದ್ದು ನಾನು ಮಾರಾಯಾ, ಮಗಳಲ್ಲ, ಎಂದು ಬರೆಯಲು ಹೋಗಿ ಪದ ಸಿಗದೆ ಕನ್ನಡದಲ್ಲೇ ಬೈದು ಹಾಕಿದೆ. ಸ್ವಲ್ಪ ಹೊತ್ತಿಗೆ ನನ್ನ ಪ್ರಶ್ನೆಗೆ ಬೀಗ ಬಿತ್ತು, ಇನ್ನು ಉತ್ತರಿಸುವಂತಿಲ್ಲ ಎಂದು. ಅನುವಾದದ ಆ್ಯಪಿಗೆ ಕೇಳಿದರೆ ಅದು ಉದ್ದನೆಯ ಒಂದು ವಾಕ್ಯ ಕೊಟ್ಟಿತು. ಅದನ್ನು ಓದಿದರೆ ನನಗೇ ನಾನು ಕೋರ್ಟಿನಲ್ಲಿ ನಿಂತ ಹಾಗೆ ಕೇಳಿಸಿತು.

ಕೊಲಂಬಿಯಾದ ಮಾಸ್ತರಿಣಿ ಮಾತ್ರ ಖಾಸಗಿಯಾಗಿ ಬರೆದಳು. ‘ರೂಢಿಯ ವಿವರಣೆ ಬಿಡು. ನಿನಗೆ ಏನು ಬೇಕು? ಅಷ್ಟೇ ಬರೆ, ನಾನು ತಿದ್ದುತ್ತೇನೆ.’ ಫೋನ್ ಹಿಡಿದು ಕೂತೆ. ಬರೆದರೆ ನಾಲ್ಕೇ ಪದ. ಮಗಳು ಕೇಳಿದ್ದೂ ಅದನ್ನೇ, ನನಗೆ ಏನು ಬೇಕು ಎಂದು. ಕೂತಲ್ಲೇ ಒಪ್ಪಿಕೊಂಡೆ, ಶಾಸ್ತ್ರ ಅಂದದ್ದು ಅರ್ಧ ನಿಜ. ಉಳಿದ ಅರ್ಧ ಭಯ. ಅವಳು ದೂರ ಹೋಗುತ್ತಾಳೆ ಎಂಬ ಭಯಕ್ಕೆ ರೂಢಿ ಒಳ್ಳೆಯ ಹೊದಿಕೆಯಾಗಿತ್ತು. ಏನನ್ನೂ ಬರೆಯದೆ ಫೋನ್ ಕೆಳಗಿಟ್ಟೆ.

ಗುರುವಾರ ಬೆಳಿಗ್ಗೆ ಹುಡುಗನ ಅಮ್ಮನಿಗೆ ಸಂದೇಶ ಕಳಿಸಿದೆ, ಮಾತಾಡಬೇಕು ಎಂದು. ನೋಡಿದರು, ಉತ್ತರಿಸಲಿಲ್ಲ. ಮತ್ತೆ ಕಳಿಸಿದೆ. ನೋಡಿದರು. ಗಂಡ ಆವತ್ತು ರಜೆ ಹಾಕಿ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದರು, ಒಂದು ತಮಾಷೆಯನ್ನೂ ಮಾಡಲಿಲ್ಲ. ಅವರು ‘ನೇರ ಫೋನೇ ಮಾಡು’ ಎಂದಾಗ ನನಗೆ ರೇಗಿತು. ಹೆಣ್ಣಿನ ಕಡೆಯವರು ತಾವಾಗಿ ಮೇಲೆಬಿದ್ದು ಕೇಳುವುದು ನಮ್ಮ ಮನೆತನದಲ್ಲಿ ಯಾರೂ ಮಾಡಿದ್ದಿಲ್ಲ. ‘ಮಾಡಿದ್ರೆ ಎಂತ ಆಗ್ತು?’ ಎಂದರು. ಮಗಳು ಅದೇ ಸ್ಟೂಲಿನ ಮೇಲಿದ್ದಳು, ನಿನ್ನೆಯಿಂದ ನನ್ನೊಡನೆ ಒಂದು ಮಾತಿಲ್ಲ. ಮಧ್ಯಾಹ್ನ ಮೂರರ ಹೊತ್ತಿಗೆ, ಅಲ್ಲಿ ಅಂಗಡಿ ತೆರೆದಿರುವ ಸಮಯ ನೋಡಿ, ಫೋನ್ ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮಾಡಿದೆ.

ಎತ್ತಿದರು. ಕೈಯೆಲ್ಲ ಹಿಟ್ಟು, ತಲೆಗೆ ಬಟ್ಟೆ, ಕಿವಿ ಬೋಳು. ಹಿಂದೆ ಗಿರಾಕಿಗಳ ಸದ್ದು. ಕೆಲಸದಲ್ಲಿದ್ದೇನೆ ಎಂದರು, ಚುಟುಕಾಗಿ.

ತಯಾರಿ ಮಾಡಿದ ಮಾತು ಒಂದೂ ಇರಲಿಲ್ಲ. ‘ನಾನು ಭಯ,’ ಎಂದೆ. ‘ಮಗಳು ಒಬ್ಬಳು. ನಾನು ಬೇಡ ಹೇಳಿದೆ, ಭಯ. ನಿಮ್ಮ ಮಗ ಇಲ್ಲಿ ಬರುತ್ತಾನೆ, ಗೊತ್ತಿಲ್ಲ ನನಗೆ. ಕ್ಷಮೆ.’ ವಾಕ್ಯವೆಲ್ಲ ಹರಿದು ಚಿಂದಿ. ಗುಂಪಿನವರು ಕೇಳಿದ್ದರೆ ತಿದ್ದಿ ತಿದ್ದಿ ಸುಸ್ತಾಗುತ್ತಿದ್ದರು.

ಅವರು ಫೋನ್ ಹಿಡಿದು ಒಳಗೆ ನಡೆದರು. ಹಿಟ್ಟಿನ ಚೀಲದ ಮೇಲೆ ಕೂತರು. ಆಮೇಲೆ ಸಣ್ಣ ಮಕ್ಕಳಿಗೆ ಹೇಳುವಷ್ಟು ನಿಧಾನವಾಗಿ ಮಾತಾಡಿದರು. ಒಂದೊಂದು ಪದವೂ ನನಗೆ ತಿಳಿಯಿತು.

‘ನೀವು ಬೇಡ ಎಂದ ದಿನ ನನಗೆ ಸಂತೋಷವಾಗಿತ್ತು. ಮಗ ಉಳಿದ ಎಂದುಕೊಂಡೆ. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.’ ಕೈಯ ಹಿಟ್ಟನ್ನು ಏಪ್ರನ್ನಿಗೆ ಒರೆಸಿಕೊಂಡರು. ‘ಈಗ ಅವನು ಮನೆಯಲ್ಲಿದ್ದಾನೆ. ಊಟ ಮಾಡುತ್ತಾನೆ, ಅಂಗಡಿಯಲ್ಲಿ ಸಹಾಯ ಮಾಡುತ್ತಾನೆ. ನನ್ನ ಮುಖ ನೋಡುವುದಿಲ್ಲ.’

ನಾನು ಸ್ಟೂಲಿನ ಮೇಲಿದ್ದ ಮಗಳ ಬೆನ್ನು ನೋಡಿದೆ. ‘ಇಲ್ಲಿ ಸಹ,’ ಎಂದೆ.

ಇನ್ನು ಕೇಳುವುದು ನನ್ನ ಪಾಲಿಗೆ ಬಂದಿತ್ತು. ‘ನಿಮ್ಮ ಮಗನನ್ನು ನಮಗೆ ಕೊಡಿ,’ ಎಂದೆ.

ಅವರು ಏಪ್ರನ್ನಿನಿಂದ ಮುಖ ಮುಚ್ಚಿಕೊಂಡರು. ಅದರೊಳಗಿಂದಲೇ ‘ನೋ’ ಎಂದರು. ಇನ್ನೊಮ್ಮೆ ‘ನೋ, ನೋ’ ಎಂದರು.

ಇದು ಎಲೆಗೆ ಅಡ್ಡ ಇಟ್ಟ ಕೈಯಲ್ಲ. ನನಗೆ ಚೆನ್ನಾಗಿ ಗೊತ್ತಿತ್ತು. ಬೇಡ ಎಂದರೆ ಬೇಡ ಎಂದು ನಿನ್ನೆ ಅಷ್ಟು ಜನ ನನಗೆ ಬೈದಿದ್ದರು. ಇಲ್ಲಿ ಫೋನ್ ಇಟ್ಟುಬಿಡುವುದೇ ಮರ್ಯಾದೆ ಎಂದು ನನ್ನ ಬುದ್ಧಿಯೂ ಹೇಳುತ್ತಿತ್ತು. ಆದರೆ ನಾಳೆ ಶುಕ್ರವಾರ, ಮತ್ತು ನನ್ನ ಮಗಳು ಗೋಡೆ ಬಿಟ್ಟು ನನ್ನ ಕಡೆ ತಿರುಗಿದ್ದಳು. ನಾನು ಮತ್ತೆ ಕೇಳಿದೆ.

ಅವರು ಏಪ್ರನ್ ಕೆಳಗಿಳಿಸಿದರು. ಕೆನ್ನೆಯ ಮೇಲೆ ಹಿಟ್ಟು ಒದ್ದೆಯಾಗಿ ಅಂಟಿತ್ತು. ನನಗೆ ಉತ್ತರ ಕೊಡಲಿಲ್ಲ. ತಿರುಗಿ ಮಗನನ್ನು ಕರೆದರು. ಅವನು ಬಂದು ನಿಂತ ಮೇಲೆ ಫೋನನ್ನು ಅವನ ಕೈಗೆ ಕೊಟ್ಟು, ತಲೆಯ ಬಟ್ಟೆ ಸರಿಮಾಡಿಕೊಂಡು, ಗಿರಾಕಿಗಳಿದ್ದ ಕಡೆ ಹೋದರು.

ಮಗಳು ನನ್ನ ಕೈಯಿಂದ ಫೋನ್ ಕಸಿದುಕೊಂಡು ಗಲ್ಲಿಗೆ ಓಡಿದಳು. ಗಂಡ ‘ಎಂತ ಆತು? ಎಂತ ಹೇಳಿದ್ವೇ?’ ಎಂದು ಕೇಳುತ್ತಿದ್ದರು. ಅವಳು ಹೊರಗೆ ಅಳುತ್ತ ನಗುತ್ತಿದ್ದದ್ದು ಕೇಳಿಸುತ್ತಿತ್ತು. ನಾನು ಮಷಿನಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಖುಷಿಗೆ ಎಂದುಕೊಂಡು ಗಂಡ ಬೆನ್ನು ತಟ್ಟಿದರು.

ಹುಡುಗ ಬಂದ. ಮದುವೆಯಾಯಿತು, ಅವನ ಅಮ್ಮನೂ ಬಂದು ಹತ್ತು ದಿನ ನಮ್ಮ ಮನೆಯಲ್ಲಿದ್ದು ಹೋದರು. ಮಕ್ಕಳು ಯಲ್ಲಾಪುರದಲ್ಲಿದ್ದಾರೆ, ಬೇಕೆಂದಾಗ ನಾನು ಬಸ್ಸು ಹತ್ತಿ ಹೋಗಿ ಮಗಳ ಮುಖ ನೋಡಿ ಬರುತ್ತೇನೆ. ಗುಂಪಿನವರು, ಇಷ್ಟಾದ ಮೇಲೂ ಯಾಕೆ ಕಲಿಯುತ್ತೀ ಎಂದು ಕೇಳುತ್ತಾರೆ. ಪ್ರತಿ ಭಾನುವಾರ ಹುಡುಗನ ಅಮ್ಮನಿಗೆ ಫೋನ್ ಮಾಡಿ, ನಿಮ್ಮ ಮಗ ಈ ವಾರ ಏನು ತಿಂದ, ಯಾವ ಅಂಗಿ ಹಾಕಿದ್ದ, ಎಷ್ಟು ಸೊರಗಿದ್ದಾನೆ ಎಂದು ಹೇಳಬೇಕು. ಅವನು ಫೋನಿನಲ್ಲಿ ಚೆನ್ನಾಗಿದ್ದೇನೆ ಎಂದಷ್ಟೇ ಹೇಳುತ್ತಾನಂತೆ. ಅವನನ್ನು ಕಣ್ಣಾರೆ ನೋಡುವವಳು ಈಗ ನಾನು.